ರೀಮ್ಯಾಪ್ ಮಾಡಿಸೋ ಮುಂಚೆ: ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಷ್ಟು ತಡೆಯುತ್ತೆ?

ಈ ವಾರ ಬಂದ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸ್ತು. ‘ವರ್ಟಸ್ ಜಿಟಿ ಆಟೊಮ್ಯಾಟಿಕ್ ಇದೆ. 150 ಪಿಎಸ್ ಇರೋದನ್ನ 175 ಮಾಡಿಸಿದ್ರೆ ಗೇರ್‌ಬಾಕ್ಸ್ ತಡೆಯುತ್ತಾ?’ ಸ್ಲಾವಿಯಾ, ಕುಶಾಕ್, ಟೈಗುನ್ 1.5 ಇರೋರಿಗೂ ಇದೇ ಉತ್ತರ. ಎಂಜಿನ್ ಅದೇ, ಗೇರ್‌ಬಾಕ್ಸೂ ಅದೇ.

ಮೊದಲು ಒಂದು ವಿಷಯ. ಗೇರ್‌ಬಾಕ್ಸಿಗೆ ಪಿಎಸ್ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಟಾರ್ಕ್, ಅಂದ್ರೆ ತಿರುಗಿಸೋ ಬಲ. ಸ್ಟೆಪ್ನಿ ಹಾಕುವಾಗ ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳೀತೀವಲ್ಲ, ಆ ಬಲ. ಈ ಕಾರುಗಳಲ್ಲಿರೋದು ಡಿಕ್ಯು200 ಅನ್ನೋ ಏಳು ಗೇರಿನ ಡಿಎಸ್‌ಜಿ. ಹೆಸರಲ್ಲಿ 200 ಇದ್ರೂ ಅದರ ಮಿತಿ 250 ನ್ಯೂಟನ್ ಮೀಟರ್. 1.5 ಎಂಜಿನ್ ಕಂಪನಿಯಿಂದ ಬರುವಾಗಲೇ ಎಷ್ಟು ಕೊಡುತ್ತೆ ಹೇಳಿ? ಸರಿಯಾಗಿ 250. ಕಾಗದದ ಮೇಲೆ ಉಳಿದಿರೋ ಜಾಗ ಸೊನ್ನೆ.

‘ನಮ್ಮ ಸ್ನೇಹಿತನ ಪೋಲೊ ಜಿಟಿ ರೀಮ್ಯಾಪ್ ಆಗಿ ವರ್ಷಗಳಾಯ್ತು, ಏನೂ ಆಗಿಲ್ವಲ್ಲ’ ಅಂತೀರಿ. ನಿಜ ಇರಬಹುದು. 2013ರಲ್ಲಿ ಬಂದ ಆ ಪೋಲೊದಲ್ಲೂ ಇದೇ ಡಿಕ್ಯು200 ಇತ್ತು. ಆದ್ರೆ ಅದರ 1.2 ಎಂಜಿನ್ ಟಾರ್ಕ್ ಬರೀ 175. ಅವರಿಗೆ 75ರಷ್ಟು ಜಾಗ ಇತ್ತು, ನಿಮಗಿಲ್ಲ.

ಈಗ ಸ್ವಾರಸ್ಯದ ಲೆಕ್ಕ. 5,500 ಆರ್‌ಪಿಎಂನಲ್ಲಿ 175 ಪಿಎಸ್ ಬರೋಕೆ ಬೇಕಾಗಿರೋ ಟಾರ್ಕ್ ಸುಮಾರು 223. ಅದು ಮಿತಿಯೊಳಗೇ ಇದೆ! ಅದೇ ಟ್ಯೂನರ್ 2,000 ಆರ್‌ಪಿಎಂನಲ್ಲೇ 300 ಟಾರ್ಕ್ ಬರೋ ಹಾಗೆ ಮಾಡಿದ ಅಂತಿಟ್ಕೊಳ್ಳಿ. ಆ ಕ್ಷಣದ ಶಕ್ತಿ ಬರೀ 85 ಪಿಎಸ್, ಆದ್ರೆ ಗೇರ್‌ಬಾಕ್ಸ್ ಮೇಲಿನ ಭಾರ ಮಿತಿ ದಾಟಿ 50 ಹೆಚ್ಚು. ಅಂದ್ರೆ ಪೆಟ್ಟು ಬೀಳೋದು ಟಾಪ್ ಸ್ಪೀಡಲ್ಲಲ್ಲ, ಓವರ್‌ಟೇಕ್ ಮಾಡೋಕೆ ಕೆಳಗಿನ ಆರ್‌ಪಿಎಂನಿಂದ ಪೆಡಲ್ ತುಳಿದಾಗ.

250 ದಾಟಿದ ದಿನವೇ ಗೇರು ಪುಡಿಯಾಗಲ್ಲ. ಮೊದಲು ಸೋಲೋದು ಸಾಮಾನ್ಯವಾಗಿ ಕ್ಲಚ್. ಇದರಲ್ಲಿರೋ ಎರಡೂ ಕ್ಲಚ್ ಡ್ರೈ, ಬಿಸಿ ಎಳ್ಕೊಳ್ಳೋಕೆ ಎಣ್ಣೆ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ತೆವಳ್ತಾ ಹೋದ್ರೆ ಹಾಗೇ ಕಾಯುತ್ತೆ, ಇನ್ನು ಟಾರ್ಕೂ ಜಾಸ್ತಿಯಾದ್ರೆ? ಆರ್‌ಪಿಎಂ ಏರುತ್ತೆ, ವೇಗ ಏರಲ್ಲ. ಅದು ಸ್ಲಿಪ್. ಗೇರ್‌ಬಾಕ್ಸ್ ಸಾಫ್ಟ್‌ವೇರ್ ಕೂಡ ಬದಲಿಸಿ ಕ್ಲಚ್ ಬಿಗಿಯಾಗಿ ಹಿಡಿಯೋ ಹಾಗೆ ಮಾಡಬಹುದು. ಅದರಿಂದ ಕ್ಲಚ್ ಪ್ಲೇಟೇನೂ ದೊಡ್ಡದಾಗಲ್ಲ. 370 ಟಾರ್ಕ್ ಇರೋ ಆಕ್ಟೇವಿಯಾ ಆರ್‌ಎಸ್ 245ಕ್ಕೆ ಕಂಪನಿಯವರೇ ಡಿಕ್ಯು200 ಹಾಕಲಿಲ್ಲ, ಎಣ್ಣೆಯಲ್ಲಿ ಮುಳುಗಿರೋ ಕ್ಲಚ್ಚಿನ ಬೇರೆ ಗೇರ್‌ಬಾಕ್ಸ್ ಕೊಟ್ಟರು.

ನನ್ನನ್ನ ಕೇಳಿದ್ರೆ, ವಾರಂಟಿ ಇರೋವರೆಗೂ ಮುಟ್ಟಬೇಡಿ. ಕ್ಲಚ್ ಜೊತೆ ಮೆಕಾಟ್ರಾನಿಕ್ಕೂ ಹೋದ್ರೆ ಬಿಲ್ಲು ಲಕ್ಷದ ಲೆಕ್ಕ. ಆಮೇಲೂ ಮಾಡಿಸಲೇಬೇಕು ಅಂದ್ರೆ ಟ್ಯೂನರ್ ಹತ್ರ ಟಾರ್ಕ್ ಗ್ರಾಫ್ ಕೇಳಿ. ಕೆಳಗಿನ ಆರ್‌ಪಿಎಂನಲ್ಲಿ 250ಕ್ಕೇ ನಿಲ್ಲಿಸಿ, ಮೇಲೆ ಮಾತ್ರ ಹೆಚ್ಚಿಸಿ ಅನ್ನಿ. ಸೀಟಿಗೆ ಬೆನ್ನು ಒತ್ತೋ ಆ ಮಜಾ ಕಮ್ಮಿ ಸಿಗುತ್ತೆ, ಅದನ್ನೂ ಹೇಳಿಬಿಡ್ತೀನಿ. ಗ್ರಾಫ್ ತೋರಿಸಲ್ಲ ಅಂದ್ರೆ ಕಾರು ವಾಪಸ್ ತಗೊಂಡು ಬನ್ನಿ.

ಮ್ಯಾನುವಲ್ ಇರೋರ ಲೆಕ್ಕ ಬೇರೆ. ಅದನ್ನ ಮುಂದಿನ ವಾರ ಮಾತಾಡೋಣ.