ಧರೆಯ ನೆನಪು, ನಕ್ಷೆಯ ಲೆಕ್ಕ



ಹಿರೇಕೆರೂರು ಮಲೆನಾಡಿನ ಸೆರಗಿನಲ್ಲಿರುವ ಊರು. ಭೂಕುಸಿತವೆಂಬುದು ಇಲ್ಲಿಗೆ ದೂರದ ಸುದ್ದಿಯೆನಿಸುವುದು ಸಹಜ. ಆದರೆ ಈ ಸೀಮೆಯ ಕುಮುದ್ವತಿ ಹುಟ್ಟುವುದು ಹುಂಚದ ಬೆಟ್ಟಸಾಲಿನಲ್ಲಿ. ಮೇಲೆ ಜಾರಿದ ಮಣ್ಣು ಹೊಳೆಯ ಜಾಡು ಹಿಡಿದು ಕೆಳಗಿನ ಕೆರೆಗಳ ಹೂಳಾಗುತ್ತದೆ. ಆದ್ದರಿಂದ ಯಾವ ಇಳಿಜಾರು ಕುಸಿಯಬಲ್ಲುದೆಂಬ ಪ್ರಶ್ನೆ ಅಚ್ಚುಕಟ್ಟಿನ ರೈತನದೂ ಹೌದು.

ಸಂಖ್ಯಾಶಾಸ್ತ್ರ ಇದಕ್ಕೆ ಉತ್ತರ ಹುಡುಕುವ ಬಗೆ ಸರಳವಾದುದು. ಹಿಂದೆ ಕುಸಿದ ಸ್ಥಳಗಳನ್ನು ಗುರುತಿಸಿ, ಅಲ್ಲಿನ ಇಳಿಜಾರು, ಮಣ್ಣಿನ ಆಳ, ಶಿಲೆ, ನೀರಿನ ಹರಿವು, ಭೂಬಳಕೆಗಳನ್ನು ಪರಿಶೀಲಿಸಲಾಗುತ್ತದೆ. ಒಂದು ಪ್ರದೇಶದಲ್ಲಿ 100 ಕುಸಿತಗಳಾಗಿವೆ ಎಂದಿಟ್ಟುಕೊಳ್ಳಿ. ಕಡಿದಾದ ಇಳಿಜಾರು ಒಟ್ಟು ನೆಲದ ಶೇಕಡ 10 ಮಾತ್ರ. ಆದರೆ 40 ಕುಸಿತಗಳು ಅಲ್ಲಿಯೇ ಆಗಿವೆ. 40ನ್ನು 10ರಿಂದ ಭಾಗಿಸಿದರೆ ಅನುಪಾತ 4. ಇದು ಒಂದನ್ನು ಮೀರಿದಷ್ಟೂ ಕುಸಿತದ ಸಂಭವ ಹೆಚ್ಚು. ಎಲ್ಲ ಅಂಶಗಳ ಅನುಪಾತಗಳನ್ನು ಕೂಡಿಸಿದಾಗ ಸಂಭಾವ್ಯತೆಯ ನಕ್ಷೆ ಸಿದ್ಧವಾಗುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2014ರಲ್ಲಿ ಕೈಗೊಂಡ ರಾಷ್ಟ್ರೀಯ ಯೋಜನೆಯ ನಕ್ಷೆಗಳು 1:50,000 ಪ್ರಮಾಣದವು. ಅಲ್ಲಿನ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ರಸ್ತೆಗಾಗಿ ಕಡಿದ 20 ಮೀಟರ್ ಅಗಲದ ಧರೆ ಅದರಲ್ಲಿ ಅರ್ಧ ಮಿಲಿಮೀಟರನ್ನೂ ತುಂಬದು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಬಿದ್ದುದು ಹೆದ್ದಾರಿಯ ಮೇಲೆಯೇ ಎಂಬುದನ್ನು ಮರೆಯಲಾಗದು.

ಇನ್ನೂ ದೊಡ್ಡ ಕೊರತೆಯೊಂದಿದೆ. ಈ ಲೆಕ್ಕವೆಲ್ಲ ನಿಂತಿರುವುದು ಹಳೆಯ ದಾಖಲೆಗಳ ಮೇಲೆ. 2018ರ ಕೊಡಗು, 2021ರ ಯಲ್ಲಾಪುರ ತಾಲ್ಲೂಕಿನ ಕಳಚೆಯಂತಹ ದೊಡ್ಡ ಕುಸಿತಗಳು ದಾಖಲೆಗೆ ಸೇರುತ್ತವೆ. ತೋಟದಂಚಿನಲ್ಲಿ ಜರಿದ ಸಣ್ಣ ಧರೆ ಮರುವರ್ಷವೇ ಹಸಿರು ಹೊದ್ದು ಉಪಗ್ರಹದ ಕಣ್ಣಿಗೂ ಮರೆಯಾಗುತ್ತದೆ. ದಾಖಲೆಯಿಲ್ಲದ ಇಳಿಜಾರು ನಕ್ಷೆಯಲ್ಲಿ ಸುರಕ್ಷಿತವೆಂದೇ ತೋರಬಹುದು. ಆ ಕುಸಿತದ ನೆನಪು ಉಳಿದಿರುವುದು ಊರ ಹಿರಿಯರಲ್ಲಿ ಮಾತ್ರ.

ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಬರೆದಿಡಲಿ: ಧರೆ ಯಾವ ವರ್ಷ ಕುಸಿಯಿತು, ಅದಕ್ಕೆ ಮುನ್ನ ಎಷ್ಟು ದಿನ ಮಳೆ ಸುರಿಯಿತು, ಬುಡವನ್ನು ಯಾರಾದರೂ ಕಡಿದಿದ್ದರೆ. ಆ ಪಟ್ಟಿ ಗ್ರಾಮ ಪಂಚಾಯಿತಿಗೂ ಭೂವಿಜ್ಞಾನಿಗಳಿಗೂ ತಲುಪಲಿ. ರಸ್ತೆಗೆ, ಕಟ್ಟಡಕ್ಕೆ ಗುಡ್ಡ ಕಡಿಯುವ ಮೊದಲು ನಕ್ಷೆಯನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಂತಾಗಲಿ.

ನಕ್ಷೆ ಎಲ್ಲಿ ಎಂಬುದನ್ನು ಹೇಳೀತು. ಎಂದು ಎಂಬುದನ್ನು ಹೇಳದು. ನೆಲ ಬಿರುಕು ಬಿಟ್ಟಾಗ, ಮರಗಳು ವಾಲಿದಾಗ, ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದಾಗ ಯಾವ ನಕ್ಷೆಗೂ ಕಾಯದೆ ಮನೆ ತೆರವು ಮಾಡುವುದೇ ವಿವೇಕ.