ದೈವವೂ ದೆವ್ವವೂ



ದೆವ್ವ ಎಂಬ ಮಾತು ದೈವ ಎಂಬ ಸಂಸ್ಕೃತ ಶಬ್ದದ ತದ್ಭವ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ತದ್ಭವಪ್ರಕರಣದಲ್ಲಿ ಈ ಉದಾಹರಣೆ ಬಂದಾಗಲೆಲ್ಲ ಹಿಂದಿನ ಬೆಂಚುಗಳಲ್ಲಿ ಸಣ್ಣದೊಂದು ನಗೆ ಏಳುತ್ತಿತ್ತು. ಏಳದೆ ಏನು? ಶಬ್ದ ಒಂದೇ, ಅದರ ಒಂದು ರೂಪಕ್ಕೆ ಹಣ್ಣುಕಾಯಿ, ಇನ್ನೊಂದು ರೂಪಕ್ಕೆ ಬೇವಿನಸೊಪ್ಪಿನ ಏಟು! ವ್ಯಾಕರಣದವರು ಇದನ್ನು ಅರ್ಥಾಪಕರ್ಷ ಎಂದು ಹೆಸರಿಟ್ಟು ಮುಂದಿನ ಪುಟಕ್ಕೆ ಹೋಗುತ್ತಾರೆ. ಆದರೆ ಹೀಗೆ ಇಳಿಯುವುದು ಮಾತಷ್ಟೇ ಅಲ್ಲ, ಊರ ಹೊರಗೆ ಮರದಡಿ ಕುಳಿತ ದೇವರೂ ಹೀಗೆಯೇ ಇಳಿಯುತ್ತದೆ. ಈ ಸಂಗತಿಯನ್ನು ನಾನು ಕಂಡ ಮಟ್ಟಿಗೆ ಅತ್ಯಂತ ಚೆನ್ನಾಗಿ ಹೇಳಿರುವುದು ಯಾವ ಜಾನಪದ ಪ್ರಬಂಧವೂ ಅಲ್ಲ, ಜಪಾನಿನ ಒಂದು ಚಿತ್ರಮಾಲಿಕೆ.

ಅಲ್ಲಿಯ ಚಲಿಸುವ ಚಿತ್ರಕಥೆಗಳಿಗೆ 'ಅನಿಮೆ' ಎಂದು ಹೆಸರು. ನಮ್ಮ ಮನೆಮನೆಯ ಮಕ್ಕಳಿಗೆ ಇದು ತಿಳಿದ ಮಾತೇ, ಹಿರಿಯರಿಗೆ ಹೇಳಬೇಕಾಗುತ್ತದೆ. ಇವುಗಳಲ್ಲಿ ಜಪಾನೀ ಜನಪದರ ನಂಬಿಕೆಗಳನ್ನೇ ನೆಲವಾಗಿ ಮಾಡಿಕೊಂಡು ಬೆಳೆದ ಅದ್ಭುತಕಥೆಗಳದೇ ಒಂದು ದೊಡ್ಡ ವರ್ಗ. 'ಇನುಯಾಶಾ' ಎಂಬ ಮಾಲಿಕೆಯಲ್ಲಿ, ದೇವಸ್ಥಾನದ ಆವರಣದ ಪಾಳುಬಾವಿಯೊಳಕ್ಕೆ ಸೆಳೆಯಲ್ಪಟ್ಟ ಹುಡುಗಿಯೊಬ್ಬಳು ನಾಲ್ಕೈದು ಶತಮಾನ ಹಿಂದಣ ಯುದ್ಧಕಾಲದಲ್ಲಿ ಹೊರಬರುತ್ತಾಳೆ. ತಲೆಯ ಮೇಲೊಂದು ಎಲೆಯಿಟ್ಟುಕೊಂಡು ರೂಪ ಬದಲಿಸುವ ಪ್ರಾಣಿಗಳೂ ಎರಡು ಬಾಲದ ಬೆಕ್ಕೂ ಅವಳ ಜೊತೆಗೂಡುತ್ತವೆ. 2000ದಿಂದ 2004ರವರೆಗೆ ನಡೆದ ಆ ಕಥೆಯಲ್ಲಿ ಸಾಹಸ ಹೆಚ್ಚು, ಕತ್ತಿಯ ಝಳಪೂ ಹೆಚ್ಚು. ನಾನು ಹೇಳಹೊರಟಿರುವುದು ಅದಕ್ಕಿಂತ ಮೆಲುದನಿಯ ಇನ್ನೊಂದನ್ನು ಕುರಿತು.

ಅದರ ಹೆಸರು 'ನತ್ಸುಮೆ ಯೂಜಿನ್‌ಚೋ'. ನತ್ಸುಮೆಯ ಗೆಳೆಯರ ಪುಸ್ತಕ ಎಂದು ಅರ್ಥ. ಮಿದೊರಿಕಾವಾ ಯೂಕಿ ಎಂಬ ಲೇಖಕಿ 2003ರಲ್ಲಿ ಚಿತ್ರಕಥೆಯಾಗಿ ಬರೆಯತೊಡಗಿದ್ದು 2008ರಲ್ಲಿ ದೂರದರ್ಶನದ ಮಾಲಿಕೆಯಾಯಿತು. ಏಳನೆಯ ಭಾಗ 2024ರಲ್ಲಿ ಪ್ರಸಾರವಾಯಿತು. ಕಥೆ ನಡೆಯುವ ಊರನ್ನು ಕ್ಯೂಶೂ ದ್ವೀಪದ ಹಿತೊಯೋಶಿ ಎಂಬ ಊರನ್ನು ನೋಡಿಕೊಂಡು ಚಿತ್ರಿಸಿದ್ದಾರೆ. ಸುತ್ತ ಗುಡ್ಡ, ನಡುವೆ ಹೊಳೆ, ಬೆಟ್ಟ ಸುತ್ತಿಕೊಂಡು ಏರುವ ರೈಲುಹಾದಿ. ದೋಣಿಗಲ್ಲಿನ ನಿಲ್ದಾಣದಲ್ಲಿ ನಿಂತು ಘಟ್ಟದತ್ತ ನೋಡುತ್ತ ಬೆಳೆದವನಿಗೆ ಅದು ಪರದೇಶವೆನಿಸುವುದೇ ಇಲ್ಲ.

ನತ್ಸುಮೆ ತಂದೆತಾಯಿಯಿಲ್ಲದ ಹುಡುಗ. ಇತರರ ಕಣ್ಣಿಗೆ ಬೀಳದ 'ಯೋಕೈ'ಗಳು ಅವನಿಗೆ ಕಾಣುತ್ತವೆ. ಅವನ ಅಜ್ಜಿ ರೇಕೊ ತಾನು ಪಂಥದಲ್ಲಿ ಸೋಲಿಸಿದ ಯೋಕೈಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಸಿಟ್ಟುಕೊಂಡಿದ್ದಳು. ಹೆಸರು ಯಾರ ಕೈಯಲ್ಲಿದೆಯೋ ಅವರು ಕರೆದಾಗ ಆ ಜೀವ ಬರಲೇಬೇಕು. ಪುಸ್ತಕ ಮೊಮ್ಮಗನ ಕೈಗೆ ಬಂತು. ಅವನು ಒಂದೊಂದೇ ಹೆಸರನ್ನು ಅದರದರ ಒಡೆಯನಿಗೆ ಹಿಂತಿರುಗಿಸುತ್ತಾ ಹೋಗುತ್ತಾನೆ. ಇಷ್ಟೇ ಕಥೆ. ಜಗಳವಿದೆ, ಓಟವಿದೆ, ಬೆಕ್ಕಿನ ಗೊಂಬೆಯ ರೂಪದಲ್ಲಿರುವ ಹೊಟ್ಟೆಬಾಕ ಸಂಗಾತಿಯೊಬ್ಬನಿದ್ದಾನೆ. ಆದರೆ ನಾಯಕನ ಮುಖ್ಯವಾದ ಸಾಹಸ ಸಂಹಾರವಲ್ಲ, ಸಾಲ ತೀರಿಸುವುದು.

ಮೊದಲ ಭಾಗದ ಎರಡನೆಯ ಕಂತನ್ನು ತಾವು ದಯವಿಟ್ಟು ನೋಡಬೇಕು. ಒಂದು ಹಳ್ಳಿಯ ಬದಿಯಲ್ಲಿ ಪುಟ್ಟ ಗುಡಿ. ಅದರಲ್ಲಿ ಅಂಗೈ ಮೇಲೆ ನಿಲ್ಲುವಷ್ಟು ಸಣ್ಣ ದೇವರು. ಹುಟ್ಟಿನಿಂದ ಅವನು ದೇವರೇನೂ ಅಲ್ಲ, ಮನೆಮಠವಿಲ್ಲದೆ ಅಲೆಯುತ್ತ ಬಂದು ಆ ಗುಡಿಯಲ್ಲಿ ತಂಗಿದ ಒಂದು ಯೋಕೈ. ಬರಗಾಲದಲ್ಲಿ ಜನ ಅಲ್ಲಿ ಬೇಡಿಕೊಂಡರು, ಕಾಕತಾಳೀಯವಾಗಿ ಮಳೆ ಬಂತು. ಅಂದಿನಿಂದ ಅವನು ಇಬ್ಬನಿದೇವರು. ಹಣ್ಣು ಬಂತು, ಹೂವು ಬಂತು, ದೇವರು ಮನುಷ್ಯನಷ್ಟು ಎತ್ತರ ಬೆಳೆದ. ಕಾಲ ಕಳೆಯಿತು. ಭಕ್ತರು ಕಡಿಮೆಯಾದಂತೆ ಅವನೂ ಕುಗ್ಗುತ್ತಾ ಬಂದ. ಕಡೆಗೆ ಉಳಿದವಳು ಹಾನಾ ಎಂಬ ಮುದುಕಿಯೊಬ್ಬಳೇ. ಅವಳು ತೀರಿಕೊಂಡ ದಿನ ಅವನೂ ಇಲ್ಲವಾಗುತ್ತಾನೆ. ಅತ್ತು ಕರೆದು ಮಾಡುವುದಿಲ್ಲ. ಇಷ್ಟು ವರ್ಷ ದೂರದಿಂದ ನೋಡಿದವಳ ಜೊತೆಯಲ್ಲೇ ಹೋಗುವ ಭಾಗ್ಯ ಸಿಕ್ಕಿತೆಂಬ ಸಂತೋಷದಲ್ಲಿ ಹೋಗುತ್ತಾನೆ. ಇಪ್ಪತ್ತು ಇಪ್ಪತ್ತೈದು ನಿಮಿಷದ ಕಥೆ. ಭಕ್ತಿಯ ಮೇಲೆ ನಾನು ಓದಿದ ಎಷ್ಟೋ ದಪ್ಪ ಗ್ರಂಥಗಳಿಗೆ ಈ ಮಿತಭಾಷಿತೆ ಸಾಧ್ಯವಾಗಿಲ್ಲ.

ಇದು ಲೇಖಕಿಯೊಬ್ಬಳ ಕಲ್ಪನೆ ಮಾತ್ರವಲ್ಲ, ಹಿಂದೆ ಒಂದು ವಿದ್ವತ್‌ಪರಂಪರೆಯೇ ಇದೆ. ಜಪಾನಿನ ಜಾನಪದ ಅಧ್ಯಯನಕ್ಕೆ ತಳಹದಿ ಹಾಕಿದ ಯಾನಾಗಿತಾ ಕುನಿಯೊ 1910ರಲ್ಲಿ 'ತೋನೊ ಮೊನೊಗತಾರಿ'ಯನ್ನು ಪ್ರಕಟಿಸಿದರು. ತೋನೊ ಸೀಮೆಯ ಯುವಕನೊಬ್ಬ ಹೇಳಿದ ಕಥೆಗಳನ್ನು ಕೇಳಿ ಬರೆದ ಪುಸ್ತಕ ಅದು. ಆರಾಧನೆ ಕಳೆದುಕೊಂಡು ಕೆಳಗಿಳಿದ ದೇವರುಗಳೇ ಯೋಕೈಗಳು ಎಂಬುದು ಯಾನಾಗಿತಾ ಅವರ ವಾದ. ಆಮೇಲಿನವರಾದ ಕೊಮಾತ್ಸು ಕಜುಹಿಕೊ ಅದನ್ನು ತಿದ್ದಿದರು: ಪೂಜೆಗೊಂಡ ಶಕ್ತಿ ದೇವರು, ಪೂಜೆಯಿಲ್ಲದ ಶಕ್ತಿ ಯೋಕೈ, ಹಾದಿ ಇಳಿಯುವುದಕ್ಕೂ ಉಂಟು, ಏರುವುದಕ್ಕೂ ಉಂಟು. ನಮ್ಮ ತದ್ಭವಪ್ರಕರಣ ಒಂದೇ ಶಬ್ದದಲ್ಲಿ ಹೇಳಿ ಮುಗಿಸಿದ್ದನ್ನು ಅವರು ಒಂದು ಸಿದ್ಧಾಂತವಾಗಿ ಬೆಳೆಸಿದರೆನ್ನಬೇಕು.

ಸಾಮಾನುಗಳ ವಿಷಯದಲ್ಲೂ ಅವರ ನಂಬಿಕೆ ಸ್ವಾರಸ್ಯವಾಗಿದೆ. ನೂರು ವರ್ಷ ತುಂಬಿದ ಪಾತ್ರೆಪರಡಿ, ಹಳೆಯ ಕೊಡೆ, ವಾದ್ಯಗಳಿಗೆ ಜೀವ ಬರುತ್ತದೆಯಂತೆ. ಉಪಯೋಗಿಸಿಕೊಂಡು ಬಿಸುಟವರ ಮೇಲೆ ಅವು ಸಿಟ್ಟು ತೀರಿಸಿಕೊಳ್ಳುತ್ತವೆಯಂತೆ. ನಾವು ಆಯುಧಪೂಜೆಯ ದಿನ ಕತ್ತಿಗೂ ಗುದ್ದಲಿಗೂ ಕುಂಕುಮವಿಟ್ಟು ಆ ಲೆಕ್ಕವನ್ನು ವರ್ಷವರ್ಷವೂ ಚುಕ್ತಾ ಮಾಡಿಬಿಡುತ್ತೇವೆ. ಎರಡರ ಹಿಂದಿನ ಧರ್ಮ ಒಂದೇ: ಸಲ್ಲಬೇಕಾದ್ದು ಸಲ್ಲಬೇಕು.

ನಮ್ಮ ಸೀಮೆಯ ಒಂದು ನಿದರ್ಶನ ಕೊಡುತ್ತೇನೆ. ನಮ್ಮ ಹಿರಿಯರ ಕಾಫಿತೋಟದ ದಾರಿ ತಿರುಗುವೆಡೆ ಒಂದು ಗೋಣಿಮರ, ಅದರ ಬುಡದಲ್ಲಿ ಒಂದು ಕಲ್ಲು. ಅದು ಚೌಡಿ. ನನ್ನ ತಾಯಿ ವರ್ಷಕ್ಕೊಮ್ಮೆ ಅಲ್ಲಿಗೆ ಹಣ್ಣುಕಾಯಿ ಒಯ್ಯುತ್ತಿದ್ದರು. ಹಣ್ಣು ಕೊಯ್ಯುವುದಕ್ಕೆ ಮೊದಲು ಆಳುಗಳು ಅಲ್ಲಿ ಕೈಮುಗಿದು ಹೋಗುತ್ತಿದ್ದರು. ಮುಟ್ಟಾದ ಹೆಂಗಸರು ಆ ತಿರುವಿನಲ್ಲಿ ಹಾಯಬಾರದು, ಆ ಮರದ ಕೊಂಬೆ ಕಡಿಯಬಾರದು, ಹೊತ್ತು ಮುಳುಗಿದ ಮೇಲೆ ಅಲ್ಲಿ ಹೆಸರು ಹಿಡಿದು ಯಾರನ್ನೂ ಕೂಗಬಾರದು ಎಂದು ಕಟ್ಟುಗಳು. ಇವುಗಳಲ್ಲಿ ಕೆಲವು ಹೋದದ್ದೇ ಒಳ್ಳೆಯದಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಅದಿರಲಿ; ಹಿಸ್ಸೆಯಾಯಿತು, ಆ ಭಾಗ ಕೈ ಬದಲಾಯಿಸಿತು, ಹಣ್ಣುಕಾಯಿ ನಿಂತಿತು. ನಲವತ್ತು ವರ್ಷ ಕಳೆದಿರಬಹುದು. ಈಚೆಗೆ ಆ ದಾರಿಯಲ್ಲಿ ಬರುತ್ತಿದ್ದ ಶಾಲೆಯ ಹುಡುಗರು ತಿರುವಿನಲ್ಲಿ ಓಡತೊಡಗಿದರು. ಏಕೆಂದು ಕೇಳಿದೆ. "ಅಲ್ಲಿ ದೆವ್ವ ಐತೆ ಸಾರ್" ಎಂದರು. ಕಲ್ಲು ಅದೇ, ಮರ ಅದೇ. ನಿಂತದ್ದು ಒಂದು ತೆಂಗಿನಕಾಯಿ.

ಏರುವ ಹಾದಿಯೂ ನಮ್ಮಲ್ಲಿ ಮುಚ್ಚಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದ ಕಾಡಿನಲ್ಲಿ, ಪುಂಡಾನೆಯ ಸೆರೆ ಕಾರ್ಯಾಚರಣೆಯ ವೇಳೆ, ಕಾಡಾನೆಯೊಡನೆ ಸೆಣಸಿ ಸತ್ತ. ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಜನ ಹೂವು ಊದುಬತ್ತಿ ತಂದರು. ಆನೆಗಳಿಂದ ಬೆಳೆ ಕಳೆದುಕೊಂಡು, ಮನೆಯವರನ್ನೂ ಕಳೆದುಕೊಂಡು ನೊಂದ ಸೀಮೆಯೇ ಒಂದು ಆನೆಯ ಸಮಾಧಿಗೆ ಕೈಮುಗಿಯಿತು. ತೋಟಕ್ಕೆ ನುಗ್ಗುವ ಸಲಗಕ್ಕೂ ಇಲ್ಲಿಯ ಜನ ಭೀಮ ಎಂದು ಹೆಸರಿಟ್ಟು ಕರೆಯುತ್ತಾರೆ. ಹೆಸರಿಟ್ಟ ಮೇಲೆ ಅದು ಬರಿಯ ಪೀಡೆಯಾಗಿ ಉಳಿಯುವುದಿಲ್ಲ, ಅದರೊಡನೆ ಒಂದು ವ್ಯವಹಾರ ಏರ್ಪಡುತ್ತದೆ.

ಜನಪದರ ಅದ್ಭುತಕಥೆಗೆ ಜೀವಾಳ ಈ ವ್ಯವಹಾರ, ಈ ಕಟ್ಟಳೆ. ಕೋರೆಹಲ್ಲು, ಕೆದರಿದ ಕೂದಲು ಹೊರಗಿನ ವೇಷ. 1990ರ ದಶಕದಲ್ಲಿ ಬೆಂಗಳೂರೇ ಮೊದಲಾಗಿ ಕನ್ನಡನಾಡಿನ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ತಮ್ಮಲ್ಲಿ ಅನೇಕರು ಕಂಡಿರುತ್ತೀರಿ. ರಾತ್ರಿ ಹೆಣ್ಣುದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುವುದು. ಬಾಗಿಲ ಬರಹ ಓದಿ ಹಿಂತಿರುಗುವುದು. ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುವುದು. ಅಕ್ಷರ ಬಲ್ಲ ದೆವ್ವ, ಅದೂ ಕನ್ನಡದ ಅಕ್ಷರ! ಕೊಟ್ಟ ಮಾತಿಗೆ ತಪ್ಪದ ದೆವ್ವವೂ ಹೌದು. ಜಪಾನಿನಲ್ಲಿಯೂ 1979ರಲ್ಲಿ ಬಾಯಿ ಸೀಳಿದ ಹೆಂಗಸಿನ ವದಂತಿ ಹಬ್ಬಿ ಶಾಲೆಯ ಮಕ್ಕಳು ಗುಂಪುಗೂಡಿ ಮನೆಗೆ ಹೋಗುವಂತಾಗಿತ್ತು. ತಾನು ಚೆಲುವೆಯೇ ಎಂದು ಅವಳು ಕೇಳಿದಾಗ ಹೌದೆಂದರೂ ಆಪತ್ತು, ಅಲ್ಲವೆಂದರೂ ಆಪತ್ತು. ಸುಮಾರಾಗಿದ್ದೀ ಎಂದರೆ ಅವಳು ಗೊಂದಲಕ್ಕೆ ಬೀಳುವಳಂತೆ. ಅಲ್ಲಿ ಆ ಹೆಂಗಸು ಚಿತ್ರಕಥೆಗಳ ಪಾತ್ರವಾದಳು. ನಮ್ಮ 'ನಾಳೆ ಬಾ' 2018ರಲ್ಲಿ 'ಸ್ತ್ರೀ' ಎಂಬ ಹಿಂದೀ ಚಲನಚಿತ್ರವಾಗಿ, ಮಧ್ಯಪ್ರದೇಶದ ಚಂದೇರಿಯ ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಯಲ್ಪಟ್ಟಿತು. ಚಿತ್ರ ರಂಜಕವಾಗಿಯೇ ಇದೆ. ಆದರೂ ನಮ್ಮ ಬಾಗಿಲ ಮಾತನ್ನು ಬೇರೆಯವರ ಗೋಡೆಯಲ್ಲಿ ಓದುವಾಗ ಕನ್ನಡದ ಮೇಷ್ಟರಿಗೆ ಒಂದಿಷ್ಟು ಇರುಸುಮುರುಸು ಸಹಜ.

ನಮ್ಮಲ್ಲಿ ಸಂಗ್ರಹಕಾರ್ಯ ನಡೆದಿಲ್ಲವೆಂದಲ್ಲ. ಸಕಲೇಶಪುರದವರೇ ಆದ ಎಸ್.ಕೆ. ಕರೀಂಖಾನರು ಊರೂರು ಸುತ್ತಿ ಜನಪದ ಗೀತೆಗಳನ್ನು ಕೂಡಿಹಾಕಿದರು, ಹಾಡಿದರು, ಸಿನಿಮಾಕ್ಕೂ ಹಾಡು ಬರೆದರು. ಜೀ.ಶಂ. ಪರಮಶಿವಯ್ಯನವರು, ಎಚ್.ಎಲ್. ನಾಗೇಗೌಡರು ಮಾಡಿದ ಕೆಲಸ ಎಲ್ಲರಿಗೂ ತಿಳಿದದ್ದು. ಮಾದೇಶ್ವರ, ಮಂಟೇಸ್ವಾಮಿಯರ ಮಹಾಕಾವ್ಯಗಳು ಅಚ್ಚಾದುವು. ಆದರೆ ಹಾಡಿಲ್ಲದ, ಕಾವ್ಯವಿಲ್ಲದ, ಎರಡೇ ಮಾತಿನ ಕಥೆಯ ಸಣ್ಣ ದೈವಗಳು ಈ ಜರಡಿಯಲ್ಲಿ ಬಹುಪಾಲು ಕೆಳಗುದುರಿದುವು. ಓದಿದವರು ಅವನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದರು. ಜಪಾನಿನಲ್ಲಿ 1776ರಷ್ಟು ಹಿಂದೆಯೇ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಗಾರ ಪುಟಕ್ಕೊಂದರಂತೆ ಇಂಥವುಗಳನ್ನು ಹೆಸರು ಸಹಿತ ಚಿತ್ರಿಸಿ ಅಚ್ಚು ಹಾಕಿಸಿದ್ದ. ನಮ್ಮ ಕಾಲದ ಮಿಜುಕಿ ಶಿಗೆರು ಬಾಲ್ಯದಲ್ಲಿ ನೆರೆಯ ಮುದುಕಿಯೊಬ್ಬಳಿಂದ ಕೇಳಿದ ಯೋಕೈಗಳನ್ನು ಮರೆಯಲಿಲ್ಲ. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದು, ಉಳಿದ ಬಲಗೈಯಲ್ಲಿ ಅವನ್ನೇ ಬರೆದರು. ಅವರ 'ಕಿತಾರೊ' 1968ರಲ್ಲಿ ದೂರದರ್ಶನಕ್ಕೆ ಬಂತು. ಅವರು ಬೆಳೆದ ಸಕಾಯಿಮಿನಾತೊ ಊರಿನ ಬೀದಿಯುದ್ದಕ್ಕೂ ಈಗ ಯೋಕೈಗಳ ಕಂಚಿನ ಪ್ರತಿಮೆಗಳಿವೆ. ನತ್ಸುಮೆಯ ಕಥೆ ಬರಿಗೈಯಿಂದ ಹುಟ್ಟಿದ್ದಲ್ಲ.

ನಾವು ಬರಿಗೈಯವರೆಂದು ನಾನು ಒಪ್ಪುವುದಿಲ್ಲ. ದೋಣಿಗಲ್ಲಿನಿಂದ ಶಿರಾಡಿಘಾಟಿ ಇಳಿದರೆ ಪಂಜುರ್ಲಿ ಗುಳಿಗರ ಸೀಮೆ. ಅಲ್ಲಿ ದೈವವೂ ಭೂತವೂ ಇಂದಿಗೂ ಗೌರವದ ಮಾತುಗಳೇ. 2022ರ 'ಕಾಂತಾರ' ನಾಡಿನಾಚೆಯೂ ಜನರನ್ನು ಹಿಡಿದದ್ದು ಅದರ ಆರ್ಭಟದಿಂದ ಎಂದು ಕೆಲವರು ಹೇಳುತ್ತಾರೆ. ನನಗನಿಸುವುದು, ಕೊಟ್ಟ ಭೂಮಿಯನ್ನು ಮರಳಿ ಕೇಳಬಾರದೆಂಬ ಒಂದು ಕಟ್ಟಳೆಯನ್ನು ಅದು ಕೈಬಿಡಲಿಲ್ಲ.

ಇನ್ನು ಭಾಷೆಯ ಮಾತು. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಎಂಬ ಜಪಾನೀ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗು ಮಾತಾಡಿತು. ಅದೇ ವರ್ಷ ಜನವರಿಯಲ್ಲಿ ಮರಳಿ ಬಂದ ಜಪಾನಿನ ರಾಮಾಯಣ ಚಿತ್ರವೂ ಹಾಗೆಯೇ. ಕನ್ನಡ ಎರಡರಲ್ಲೂ ಇಲ್ಲ. ಡಬ್ಬಿಂಗನ್ನು ವಿರೋಧಿಸಿದವರಿಗೆ ಅನ್ನದ ಕಾರಣವಿತ್ತು, ಅದನ್ನು ಹಗುರವಾಗಿ ಕಾಣಲಾರೆ. ಮಕ್ಕಳ ಕಥೆಗಳನ್ನಾದರೂ ಬಿಟ್ಟುಕೊಡಬಹುದಿತ್ತು. ನನ್ನ ಮೊಮ್ಮಗಳು ನೋಡುವ ಇಂಗ್ಲಿಷ್ ಅಡಿಬರಹಗಳಲ್ಲಿ ಎಷ್ಟೋ ಬಾರಿ ಯೋಕೈ ಎಂದಲ್ಲೆಲ್ಲ 'ಡೀಮನ್' ಎಂದಿರುತ್ತದೆ. ಅದು ಪಾತಾಳದಿಂದ ಬಂದವನ ಹೆಸರು; ಇಬ್ಬನಿದೇವರಿಗೆ ಅದು ಹೇಗೆ ಒಪ್ಪೀತು? ರಾಕ್ಷಸ ಎಂದರೆ ಪುರಾಣಕ್ಕೆ ಹೋಗುತ್ತೇವೆ. ಪಿಶಾಚಿ ಎಂದರೆ ಸತ್ತವರ ಮಾತಾಯಿತು. ಇಳಿದುಹೋದ ದೇವರನ್ನು ಹೇಳಲು ಲೋಕದ ಭಾಷೆಗಳು ತಡವರಿಸುವಲ್ಲಿ ನಮಗೆ ಸಿದ್ಧವಾಗಿ ಒಂದು ಶಬ್ದವಿದೆ, ತನ್ನ ಹಿಂದಿನ ದೈವವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಶಬ್ದ.

"ಅಜ್ಜ, ಚೌಡೀನೂ ಸಣ್ಣಗಾಗ್ತಾಳಾ?" ಎಂದು ಒಂದು ದಿನ ಅವಳು ಕೇಳಿದಳು. ಹಾನಾ ಮುದುಕಿಯ ಕಂತು ನೋಡಿ ಎದ್ದಿದ್ದಳು. ಉತ್ತರಕ್ಕೆ ಬದಲಾಗಿ ಒಂದು ನೋಟ್‌ಪುಸ್ತಕ ಕೊಟ್ಟೆ. ರಜೆಯಲ್ಲಿ ಬಂದಾಗಲೆಲ್ಲ ನಾವಿಬ್ಬರೂ ಸುತ್ತಲ ತೋಟಗಳಲ್ಲಿ ವಿಚಾರಿಸುತ್ತೇವೆ: ಈ ಕಲ್ಲಿನ ಹೆಸರೇನು, ಇಲ್ಲಿ ಏನು ಮಾಡಬಾರದು, ಕೊನೆಗೆ ಕಾಯಿ ಒಡೆದವರು ಯಾರು. ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಕೆಲಸಕ್ಕೆ ಬಂದವರು ತಮ್ಮ ಗುಳಿಗನನ್ನೂ ಮುನೀಶ್ವರನನ್ನೂ ಜೊತೆಗೆ ತಂದಿದ್ದಾರೆ, ಅವರೂ ಪುಸ್ತಕದಲ್ಲಿದ್ದಾರೆ. ಇದುವರೆಗೆ ಹನ್ನೊಂದು ಹೆಸರು ಸಿಕ್ಕಿವೆ. ಒಂದು ಕಲ್ಲಿನ ಮುಂದೆ ಹೆಸರಿನ ಜಾಗ ಖಾಲಿ ಇದೆ. ಹೇಳಬಲ್ಲ ಮುದುಕಿ ಹಾನುಬಾಳಿನ ಕಡೆ ಮಗಳ ಮನೆಯಲ್ಲಿದ್ದಾಳಂತೆ. ಮಳೆ ನಿಂತ ಮೇಲೆ ಹೋಗಬೇಕು.



(ಆಕಾಶವಾಣಿಯ ಕೃಪೆಯಿಂದ)