ದಂಡು ಬಿಟ್ಟ ಬ್ಯಾರಕ್ಕಿನಲ್ಲಿ ಸಂಸಾರ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘದ ಹಳೇ ಗೋದಾಮನ್ನು ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ಆಡಳಿತ ಮಂಡಳಿಯಲ್ಲಿ ಇನ್ನೂ ಮುಗಿದಿಲ್ಲ. ಇಂಥದ್ದೇ ಜಗ್ಗಾಟ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ದೊಡ್ಡದಾಗಿ ನಡೆದಿತ್ತು. ಜರ್ಮನಿ ನಮಗೇನು ನೆಂಟರೇ ಅಂತ ಕೇಳಬೇಡಿ. ರೈಫೈಸನ್ ಎಂಬ ಪುಣ್ಯಾತ್ಮರು ಅಲ್ಲಿನ ರೈತರಿಗೆ ಕಟ್ಟಿಕೊಟ್ಟ ಸಾಲದ ಸಂಘಗಳನ್ನು ನೋಡಿಯೇ ನಮ್ಮಲ್ಲಿ 1904ರ ಸಹಕಾರ ಕಾಯ್ದೆ ಬಂದದ್ದು. ಮರುವರ್ಷ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಸ್ಥಾಪಿಸಿದರು.

ಫ್ರೈಬುರ್ಗಿನ ಅಂಚಿನಲ್ಲಿ 1930ರ ದಶಕದಲ್ಲಿ ಹಿಟ್ಲರನ ಸೈನ್ಯಕ್ಕೆಂದು ಬ್ಯಾರಕ್ಕುಗಳನ್ನು ಕಟ್ಟಿದ್ದರು. ಜರ್ಮನಿ ಸೋತ ಮೇಲೆ ಫ್ರೆಂಚ್ ಸೈನಿಕರು ಬಂದು ಕೂತರು. ತಮ್ಮ ದೇಶದ ಕೋಟೆ ಕಟ್ಟುವ ಇಂಜಿನಿಯರನ ಹೆಸರಿನಿಂದ 'ವೋಬಾನ್' ಎಂದು ಕರೆದರು. 1992ರಲ್ಲಿ ಅವರೂ ಗಂಟುಮೂಟೆ ಕಟ್ಟಿದರು. ಉಳಿದದ್ದು ಖಾಲಿ ಕಟ್ಟಡಗಳು ಮತ್ತು ಸುಮಾರು 38 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 94 ಎಕರೆ ನೆಲ.

ಊರಿನಲ್ಲಿ ಬಾಡಿಗೆ ಮನೆಗೆ ಬರ. ನಗರಸಭೆ ಜಾಗದ ಬಹುಪಾಲನ್ನು ಕೊಂಡು ಹೊಸ ಬಡಾವಣೆಗೆ ಕೈ ಹಾಕಿತು. ಗಟ್ಟಿ ಗೋಡೆ ಯಾಕೆ ಕೆಡವಬೇಕು ಅಂತ 'ಸೂಸಿ' ಎಂಬ ಗುಂಪಿನವರು ಪಟ್ಟು ಹಿಡಿದರು. ಕಡೆಗೆ 4 ಬ್ಯಾರಕ್ಕು ಅವರಿಗೆ, 6 ವಿದ್ಯಾರ್ಥಿಗಳ ವಸತಿಗೆ ಸಿಕ್ಕವು. ಉಳಿದವುಗಳಲ್ಲಿ ಹೆಚ್ಚಿನವು ನೆಲಸಮವಾದವು, ಅದನ್ನೂ ಹೇಳಬೇಕು.

ಸೂಸಿಯವರ ಕೈಯಲ್ಲಿ ದುಡ್ಡು ಕಮ್ಮಿ. ಅಲ್ಲಿ ವಾಸ ಮಾಡುವವರೇ ಇಂತಿಷ್ಟು ಗಂಟೆ ಅಂತ ಮೈಮುರಿದು ದುಡಿದು ರಿಪೇರಿ ಮಾಡಿಕೊಂಡರು. ನಾವು ಮುಯ್ಯಾಳು ಅಂತೀವಲ್ಲ, ಹೆಚ್ಚುಕಮ್ಮಿ ಹಾಗೇನೇ. ಅದರಿಂದ ಬಾಡಿಗೆಯೂ ಇಳೀತು. ಅದೇ ಬಡಾವಣೆಯಲ್ಲಿ 'ಗೆನೋವಾ' ಎಂಬ ಸಹಕಾರ ಸಂಘ ಹೊಸ ಮನೆಗಳನ್ನು ಕಟ್ಟಿತು. ಮನೆ ಸಂಘದ್ದು, ಸದಸ್ಯ ಷೇರು ಹಾಕಿ ಬಾಡಿಗೆಗೆ ಇರ್ತಾನೆ, ಮಾರಿ ಲಾಭ ಹೊಡೆಯೋ ಹಾಗಿಲ್ಲ.

ನಮಗೆ ಬಹಳ ಹಿಡಿಸಿದ್ದು ಅಧಿಕಾರಿಗಳ ಮೆಸ್ಸಿನ ಕಥೆ. 37ನೇ ನಂಬರಿನ ಆ ಕಟ್ಟಡವನ್ನೂ ಕೆಡವುವ ಮಾತು ಬಂದಾಗ ಜನ ಬಿಡಲಿಲ್ಲ. ಈಗ ಅದು ಸಮುದಾಯ ಭವನ. ಅದರ ಮುಂದಿನ ಬಯಲಲ್ಲಿ ವಾರಕ್ಕೊಮ್ಮೆ ರೈತರ ಸಂತೆ. ಅಧಿಕಾರಿಗಳು ಉಂಡೆದ್ದ ಮನೆ ಮುಂದೆ ನಮ್ಮಂಥೋರ ತಕ್ಕಡಿ!

ಇನ್ನು ನಮ್ಮ ಗೋದಾಮು. ಮಾಡು ಸೋರೋದು ನಿಜ, ಗೋಡೆ ಗಟ್ಟಿಯಾಗಿರೋದೂ ನಿಜ. ಹೊಸದಕ್ಕೆ ಎಷ್ಟು ಸಾಲ ಬೇಕು ಅಂತ ಲೆಕ್ಕ ಬಂದಿದೆ. ದುರಸ್ತಿಗೆ ಎಷ್ಟಾಗುತ್ತೆ ಅನ್ನೋ ಅಂದಾಜು ಪಟ್ಟಿ ಇನ್ನೂ ಬಂದಿಲ್ಲ. ಅದು ಮಹಾಸಭೆಯ ಮುಂದೆ ಬರುವ ತನಕ ಕೆಡವುವ ಠರಾವಿಗೆ ನಾವಂತೂ ಕೈ ಎತ್ತೋದಿಲ್ಲ.